ಹದಿನಾರು ಜಿಬಿಯ ಇಂಡೆಂಟು

ಒಂದು ಕೆಲಸಕ್ಕೆ ಕನಿಷ್ಠ ಎಷ್ಟು ಸಾಮಾನು ಬೇಕು ಎಂದು ಹೇಳುವುದರಲ್ಲಿ ಹಾಸನ ಜಿಲ್ಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಚನ್ನರಾಯಪಟ್ಟಣದ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಸ್ಟೋರ್ ಕೀಪರ್. ಯಾವ ಲ್ಯಾಬಿಗೆ ಏನು ಬೇಕು, ಎಷ್ಟು ಬೇಕು ಎಂದು ಪ್ರತಿ ವರ್ಷ ಪಟ್ಟಿ ಬರೆದು ಮೇಲಿನ ಕಚೇರಿಗೆ ಕಳಿಸುವುದು ನನ್ನ ಕೆಲಸ. ಆ ಪಟ್ಟಿಗೆ ಇಂಡೆಂಟು ಎಂದು ಹೆಸರು.

ಇಂಡೆಂಟು ಬರೆಯುವುದೂ ಒಂದು ವಿದ್ಯೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಪ್ಪತ್ತು ಸೋಲ್ಡರಿಂಗ್ ಐರನ್ ಬೇಕಾಗಿದ್ದವು. ಇಪ್ಪತ್ತು ಎಂದೇ ಬರೆದೆ. ಹತ್ತು ಬಂದವು. ಆ ವರ್ಷ ವಿದ್ಯಾರ್ಥಿಗಳು ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರಂತೆ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತು ಬೆಸುಗೆ ಕಲಿತರು. ಮರುವರ್ಷ ನಲವತ್ತು ಎಂದು ಬರೆದೆ. ಇಪ್ಪತ್ತು ಬಂದವು! ಅಂದಿನಿಂದ ನಾನು ಸತ್ಯವನ್ನು ಎರಡರಿಂದ ಗುಣಿಸಿಯೇ ಬರೆಯುತ್ತೇನೆ. ಮೇಲಿನವರು ಅದನ್ನು ಎರಡರಿಂದ ಭಾಗಿಸುತ್ತಾರೆ. ಯಾರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ, ಯಾರಿಗೂ ಕೊರತೆಯೂ ಆಗುವುದಿಲ್ಲ.

ಮನೆಯಲ್ಲೂ ಅದೇ ಪದ್ಧತಿ. "ಎಷ್ಟು ಇಡ್ಲಿ?" ಎಂದು ನನ್ನ ಹೆಂಡತಿ ಗಿರಿಜಾ ಕೇಳಿದರೆ "ಆರು" ಎನ್ನುತ್ತೇನೆ. ಮೂರು ಹಾಕುತ್ತಾಳೆ. ನನಗೆ ಬೇಕಾಗಿರುವುದೂ ಮೂರೇ. ಇಪ್ಪತ್ತಾರು ವರ್ಷದಲ್ಲಿ ಈ ವಿಷಯವಾಗಿ ನಮ್ಮಲ್ಲಿ ಒಂದು ಮಾತೂ ಬಂದಿಲ್ಲ.

ನನ್ನ ಇನ್ನೊಂದು ವಿದ್ಯೆ ಚಿಂತೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹಾಸನದ ಬಸ್ಸಿನಿಂದ ಶಾಂತಿಗ್ರಾಮದಲ್ಲಿ ಇಳಿದು ವಾಪಸು ಬಂದವನು ನಾನು. ಗ್ಯಾಸ್ ಆಫ್ ಆಗಿತ್ತು. ಬಾಗಿಲಿಗೆ ಬೀಗ ಹಾಕುವುದನ್ನು ಮರೆತಿದ್ದೆ.

ಇಂಥವನು ಕ್ರಿಪ್ಟೋ ಕರೆನ್ಸಿಯ ಸಹವಾಸಕ್ಕೆ ಬಿದ್ದದ್ದು ದುಡ್ಡಿನ ಆಸೆಯಿಂದಲ್ಲ, ಚಿಂತೆಯಿಂದಲೇ. ನಮ್ಮ ಕಾಲೇಜಿನಲ್ಲಿ ಒಮ್ಮೆ ಅದರ ಬಗ್ಗೆ ಉಪನ್ಯಾಸವಾಯಿತು. ಈ ನಾಣ್ಯಗಳಿಗೆ ಬ್ಯಾಂಕು ಎಂಬುದಿಲ್ಲವಂತೆ. ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬ ದಾಖಲೆಯ ಒಂದೊಂದು ಪ್ರತಿಯನ್ನು ಜಗತ್ತಿನ ತುಂಬ ಜನ ತಂತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುತ್ತಾರೆ; ಆ ಕಂಪ್ಯೂಟರುಗಳು ಹಗಲೂ ರಾತ್ರಿ ಒಂದಕ್ಕೊಂದು ತಾಳೆ ನೋಡುತ್ತಿರುತ್ತವೆ. ಅಂಥ ಒಂದೊಂದು ಕಂಪ್ಯೂಟರಿಗೆ ನೋಡ್ ಎನ್ನುತ್ತಾರೆ. ಸಭಿಕರೆಲ್ಲ ಕಾಫಿ ಕುಡಿದು ಮನೆಗೆ ಹೋದರು. ನಾನು ಚಿಂತೆ ಹೊತ್ತು ಮನೆಗೆ ಹೋದೆ. ಪ್ರತಿಗಳೆಲ್ಲ ವಿದೇಶದಲ್ಲೇ ಇದ್ದು, ಒಂದು ದಿನ ಅಲ್ಲಿ ಎಲ್ಲ ಕಡೆ ಕರೆಂಟು ಹೋದರೆ?

"ಅಮೆರಿಕದಲ್ಲಿ ಕರೆಂಟ್ ಹೋಗುತ್ತೆ ಅಂತ ಚನ್ನರಾಯಪಟ್ಟಣದಲ್ಲಿ ಕಾಪಿ ಇಟ್ಕೋತೀರಾ?" ಗಿರಿಜಾ ಕೇಳಿದಳು.

"ಯಾರಾದರೂ ಇಟ್ಕೋಬೇಕಲ್ಲ."

"ಅದು ನೀವೇ ಯಾಕ್ರೀ ಆಗ್ಬೇಕು?"

ಇದಕ್ಕೆ ಉತ್ತರವಾಗಿ ಮರುದಿನವೇ ಹಾಸನಕ್ಕೆ ಹೋಗಿ ಒಂದು ಹಳೆಯ ಕಂಪ್ಯೂಟರು ತಂದೆ. ನಮ್ಮ ಮನೆಯಲ್ಲಿ ಯುಪಿಎಸ್ಸಿನ ಲೈನು ಇರುವುದು ಅಡುಗೆಮನೆಗೆ ಮಾತ್ರ. ಹೀಗಾಗಿ ಜಗತ್ತಿನ ಒಂದು ಮಹತ್ವದ ದಾಖಲೆಯ ಪ್ರತಿ ನಮ್ಮ ಅಕ್ಕಿ ಡಬ್ಬದ ಪಕ್ಕ ಪ್ರತಿಷ್ಠಾಪನೆಯಾಯಿತು. ನಾನು ಆರಿಸಿಕೊಂಡ ನಾಣ್ಯ ತೀರ ಸಣ್ಣದು, ಹೆಸರು ಹೇಳಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅದರ ನೋಡ್ ಇಟ್ಟುಕೊಂಡವರಿಗೆ ಸಿಗುವುದು ಒಂದೇ: ಅವರ ವೆಬ್‌ಸೈಟಿನ ಭೂಪಟದಲ್ಲಿ ಊರಿನ ಮೇಲೊಂದು ಹಸಿರು ಚುಕ್ಕೆ. ಚನ್ನರಾಯಪಟ್ಟಣದ ಮೇಲೆ ಆ ಚುಕ್ಕೆ ಮೂಡಿದ ದಿನ ನಾನು ಗಿರಿಜಾಳನ್ನು ಕರೆದು ತೋರಿಸಿದೆ. "ನುಗ್ಗೇಹಳ್ಳಿಯಲ್ಲಿ ನಮ್ಮಪ್ಪನ ಮನೆ ಎಲ್ಲಿ ಬರುತ್ತೆ ಇದರಲ್ಲಿ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. ಒಗ್ಗರಣೆಗೆ ಹೊರಟುಹೋದಳು.

ಒಂಟಿ ಚುಕ್ಕೆಯನ್ನು ನೋಡಿದರೆ ಮತ್ತೆ ಚಿಂತೆ. ನಮ್ಮ ಮನೆಯಲ್ಲೇ ಕರೆಂಟು ಹೋದರೆ? ಆದ್ದರಿಂದ ಇಬ್ಬರನ್ನು ಜೊತೆಗೆ ಎಳೆದುಕೊಂಡೆ.

ಮೊದಲನೆಯವರು ಹೊಳೆನರಸೀಪುರದ ಸಿದ್ದರಾಜು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ನಮ್ಮ ಲ್ಯಾಬಿನ ಮೋಟಾರುಗಳೂ ಅವರ ಕೈಯಲ್ಲೇ ಪುನರ್ಜನ್ಮ ಪಡೆಯುವುದರಿಂದ ಹಳೆಯ ಪರಿಚಯ. ನಾನು ಅವರನ್ನು ಸಿದ್ದಣ್ಣ ಎನ್ನುತ್ತೇನೆ, ಅವರು ನನ್ನನ್ನು "ಸಾ" ಎನ್ನುತ್ತಾರೆ. ಭೂಪಟವನ್ನು ಪ್ರಿಂಟು ತೆಗೆಸಿ, ಫ್ರೇಮು ಹಾಕಿಸಿ, ಅಂಗಡಿಯಲ್ಲಿ ಬುದ್ಧನ ಪಟದ ಪಕ್ಕ ನೇತುಹಾಕಿದ್ದರು. ಮೋಟಾರು ತಂದವರಿಗೆಲ್ಲ "ಈ ಚುಕ್ಕೆ ನಮ್ದು ಕಣಣ್ಣ. ಮೈಸೂರ್ಗೇ ಇಲ್ಲ ಇದು!" ಎಂದು ತೋರಿಸುತ್ತಿದ್ದರು.

ಎರಡನೆಯವರು ವೆಂಕಟೇಶಯ್ಯ ಮೇಷ್ಟ್ರು. ನಮ್ಮ ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾಗಿ, ಅರಕಲಗೂಡು ತಾಲ್ಲೂಕಿನ ತಮ್ಮೂರು ರುದ್ರಪಟ್ಟಣಕ್ಕೆ ಹೋಗಿ, ಅಲ್ಲಿಂದ ವಿಡಿಯೋದಲ್ಲಿ ಸಂಗೀತ ಪಾಠ ಹೇಳುತ್ತಾರೆ. ಇಂಟರ್‌ನೆಟ್ಟು ಚೆನ್ನಾಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಅವರನ್ನು ಸೇರಿಸಿಕೊಂಡೆ. ಜಿಲ್ಲೆಯಲ್ಲಿ ಮೂರು ಚುಕ್ಕೆಗಳಾದವು. ಮೂರು ಯಂತ್ರಗಳೂ ಒಂದಕ್ಕಿಂತ ಒಂದು ಹಳೆಯವು. ಆದರೂ ನಡೆಯುತ್ತಿದ್ದವು.

ಹೀಗಿರುವಾಗ ಆ ಸಾಫ್ಟ್‌ವೇರು ತಯಾರಿಸುವ ಗುಂಪಿನ ಮುಖ್ಯಸ್ಥೆ, ಪೋರ್ಚುಗಲ್ಲಿನ ಇನೆಸ್ ಎಂಬ ಹೆಣ್ಣುಮಗಳಿಂದ ಪತ್ರ ಬಂತು. ಹೊಸ ಆವೃತ್ತಿ ಬರುತ್ತಿದೆ. ಜನ ಕೈಲಾಗದ ಯಂತ್ರಗಳಲ್ಲಿ ಹಾಕಿಕೊಂಡು ಆಮೇಲೆ ದೂರುತ್ತಾರೆ. ಆದ್ದರಿಂದ ಕನಿಷ್ಠ ಎಂಥ ಕಂಪ್ಯೂಟರು ಬೇಕು ಎಂದು ಒಂದು ಪುಟ ಬರೆಯಬೇಕಾಗಿದೆ. ನಿಮ್ಮ ಕಡೆ ಮೂರೂ ಸಣ್ಣ ಯಂತ್ರಗಳು. ಒಂದು ವಾರ ಅಳೆದು ನೋಡಿ, ಕನಿಷ್ಠ ಎಷ್ಟು ಎಂದು ತಿಳಿಸುವಿರಾ?

ಓದಿ ಎದೆ ಉಬ್ಬಿತು. ಜಗತ್ತಿಗೇ ಇಂಡೆಂಟು ಬರೆಯುವ ಅವಕಾಶ! 

ಒಂದು ವಾರ ಪ್ರಾಮಾಣಿಕವಾಗಿ ಅಳೆದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಇಡೀ ಪ್ರಕರಣದಲ್ಲಿ ನಾನು ಪ್ರಾಮಾಣಿಕವಾಗಿ ಮಾಡಿದ್ದು ಅದೊಂದೇ. ಮೆಮೊರಿ ನಾಲ್ಕು ಜಿಬಿ ಸಾಕು. ಐನೂರು ಜಿಬಿಯ ಡಿಸ್ಕು ಸಾಕು. ಎರಡು ಕೋರಿನ ಪ್ರೊಸೆಸರು ಸಾಕು. ಅರ್ಧ ಗಂಟೆ ತಡೆಯುವ ಯುಪಿಎಸ್ಸು ಸಾಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕಿ ಡಬ್ಬಕ್ಕೆ ಅಂಟಿಸಿದೆ. ಕೆಲಸ ಅಲ್ಲಿಗೆ ಮುಗಿದಿತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಆದರೆ ಜವಾಬ್ದಾರಿಯ ಕೆಲಸ, ಇನ್ನಿಬ್ಬರನ್ನೂ ಕೇಳಬೇಡವೇ? ಮೆಮೊರಿ ಬಗ್ಗೆ ಸಿದ್ದಣ್ಣನಿಗೆ ಫೋನು ಮಾಡಿದೆ.

"ಸಿದ್ದಣ್ಣ, ನಿಮ್ಮ ಅನುಭವದಲ್ಲಿ ಮೆಮೊರಿ ಎಷ್ಟು ಬೇಕಾಗುತ್ತೆ?"

"ಎಂಟು ಅಂತ ಬರ್ಕಳಿ ಸಾ."

"ಎಂಟಾ?"

"ಊಂ, ಎಂಟು. ಅದ್ಕಿಂತ ಕಮ್ಮಿ ಆಗಾಕಿಲ್ಲ."

ನನಗೆ ನಾಲ್ಕು ಸಾಕಾಗಿರುವುದು ನನ್ನ ಅದೃಷ್ಟವಿರಬೇಕು! ಅನುಭವಸ್ಥರು ಎಂಟು ಎನ್ನುತ್ತಿದ್ದಾರೆ. ಹಾಗಾದರೆ ನಿಜವಾದ ಅಗತ್ಯ ಎಂಟು. ಇಂಡೆಂಟಿನ ಶಾಸ್ತ್ರದ ಪ್ರಕಾರ ಎಂಟಕ್ಕೆ ಹದಿನಾರು ಬರೆಯಬೇಕು. ಬರೆದೆ.

ಡಿಸ್ಕಿನ ಬಗ್ಗೆ ಮೇಷ್ಟ್ರನ್ನು ಕೇಳಿದೆ. ಅವರು ತಂಬೂರಿಯ ಸದ್ದು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ನೋಡಿ ಶಿವಲಿಂಗಪ್ಪನವರೇ, ಒಂದು ಟಿಬಿ ಅಂತ ಹಾಕಿಬಿಡಿ. ಅದರಲ್ಲಿ ರಾಜಿ ಬೇಡ" ಎಂದರು. ಐನೂರು ಜಿಬಿಯ ಎರಡರಷ್ಟು! ಗಣಿತದ ಮೇಷ್ಟ್ರು, ಲೆಕ್ಕ ಹಾಕದೆ ಹೇಳುವವರಲ್ಲ. ಒಂದಕ್ಕೆ ಎರಡು ಬರೆದೆ. ಎರಡು ಟಿಬಿ.

ಹೀಗೆ ಎರಡು ಕೋರು ನಾಲ್ಕಾಗಿ, "ಬೇಸಿಗೆಯಲ್ಲಿ ಏನು ಗತಿ?" ಎಂಬ ಯೋಚನೆ ಬಂದು ಎಂಟಾಯಿತು. ಯುಪಿಎಸ್ಸು ಅರ್ಧ ಗಂಟೆಯಿಂದ ಹೊರಟು, ಹಿಂದಿನ ಮಳೆಗಾಲವನ್ನು ನೆನೆದು, ನಾಲ್ಕು ಗಂಟೆಗೆ ಹೋಗಿ ನಿಂತಿತು. ಕೊನೆಯಲ್ಲಿ, ಅಡುಗೆಮನೆಯಲ್ಲಿ ಒಮ್ಮೆ ಇಲಿ ನನ್ನ ಇಂಟರ್‌ನೆಟ್ ತಂತಿ ಕಡಿದ ದಾರುಣ ಘಟನೆ ನೆನಪಾಗಿ, "ಯಂತ್ರವನ್ನು ಇಲಿಗಳ ಪ್ರವೇಶವಿಲ್ಲದ ಸ್ಥಳದಲ್ಲಿ ಸ್ಥಾಪಿಸತಕ್ಕದ್ದು" ಎಂಬ ಸಾಲನ್ನೂ ಸೇರಿಸಿದೆ.

ಪಟ್ಟಿಯನ್ನು ಗಿರಿಜಾಳಿಗೆ ಓದಿ ಹೇಳಿದೆ. ಅವಳು ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಡಬ್ಬದ ಮೇಲೆ ನಾಲ್ಕು ಅಂತ ಅಂಟಿಸಿದ್ದೀರಿ. ಇಲ್ಲಿ ಹದಿನಾರು ಅಂತೀರಿ."

"ಅವರು ಕಡಿಮೆ ಮಾಡ್ಕೋತಾರೆ."

"ಮಾಡದೇ ಇದ್ರೆ?"

"ಮಾಡೇ ಮಾಡ್ತಾರೆ. ಮೇಲಿರೋರು ಎಲ್ಲ ದೇಶದಲ್ಲೂ ಒಂದೇ."

ಈ ಮಾತನ್ನು ನಾನು ಎಷ್ಟು ಗಾಂಭೀರ್ಯದಿಂದ ಹೇಳಿದೆನೆಂದರೆ ನನಗೇ ನಂಬಿಕೆ ಬಂದುಬಿಟ್ಟಿತು. ಪಟ್ಟಿ ಕಳಿಸಿದೆ.

ಎರಡು ದಿನಕ್ಕೆ ಉತ್ತರ ಬಂತು. "ಇಷ್ಟು ಕಾಳಜಿಯಿಂದ ಮಾಡಿದ್ದಕ್ಕೆ ಧನ್ಯವಾದ. ನೀವು ಕೊಟ್ಟ ಅಂಕಿಗಳನ್ನು ಇದ್ದ ಹಾಗೆಯೇ ಒಪ್ಪಿದ್ದೇವೆ."

ಇದ್ದ ಹಾಗೆಯೇ! ಇಪ್ಪತ್ತಾರು ವರ್ಷದ ಸೇವೆಯಲ್ಲಿ ನನ್ನ ಇಂಡೆಂಟು ಪೂರ್ತಿ ಮಂಜೂರಾದದ್ದು ಅದೇ ಮೊದಲು. ಆ ಕ್ಷಣದಲ್ಲಿ ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಹುಟ್ಟಾ ಚಿಂತೆಗಾರನಾದ ನಾನು, ಚಿಂತೆ ಮಾಡಲೇಬೇಕಾಗಿದ್ದ ಏಕೈಕ ಸಂದರ್ಭದಲ್ಲಿ ಸಂತೋಷಪಟ್ಟೆ. ಬೇಕರಿಯಿಂದ ಕಾಲು ಕೆಜಿ ಮೈಸೂರು ಪಾಕು ತಂದೆ.

ಮುಂದಿನ ತಿಂಗಳು ಹೊಸ ಆವೃತ್ತಿ ಬಂತು. ಹಳೆಯದು ಎರಡು ವಾರದಲ್ಲಿ ನಿಂತುಹೋಗುತ್ತದೆ, ಅಷ್ಟರೊಳಗೆ ಬದಲಾಯಿಸಿಕೊಳ್ಳಿ ಎಂದು ಸೂಚನೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಹೊಸದನ್ನು ಹಾಕಿ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಸಂದೇಶ ಮೂಡಿತು: "ನಿಮ್ಮ ಯಂತ್ರವು ಕನಿಷ್ಠ ಅಗತ್ಯಗಳನ್ನು ಪೂರೈಸುವುದಿಲ್ಲ. ಪ್ರಾರಂಭಿಸಲು ಸಾಧ್ಯವಿಲ್ಲ."

ಕೆಳಗೆ, ವಿವರಗಳಿಗೆ ಈ ಪುಟ ನೋಡಿ ಎಂದಿತ್ತು. ನೋಡಿದೆ. ಹದಿನಾರು ಜಿಬಿ, ಎರಡು ಟಿಬಿ, ಎಂಟು ಕೋರು, ನಾಲ್ಕು ಗಂಟೆ, ಇಲಿ. ಪುಟದ ತುದಿಯಲ್ಲಿ, ಈ ಮಾಹಿತಿ ಸಿದ್ಧಪಡಿಸಿದವರು ಎಂದು, ನಾನು ಆ ಗುಂಪಿನಲ್ಲಿ ಇಟ್ಟುಕೊಂಡಿದ್ದ ಅಡ್ಡಹೆಸರು: ಸ್ಟೋರ್‌ಕೀಪರ್. ನನ್ನ ಪಟ್ಟಿಯ ಮೇಲೆ ಅವರಿಗೆ ಎಷ್ಟು ವಿಶ್ವಾಸ ಬಂದಿತ್ತೆಂದರೆ ಅದನ್ನು ಬರೀ ಪುಟದಲ್ಲಿ ಬರೆದು ಬಿಟ್ಟಿರಲಿಲ್ಲ; ಸಾಫ್ಟ್‌ವೇರಿನ ಬಾಗಿಲಲ್ಲೇ ಕಾವಲು ನಿಲ್ಲಿಸಿದ್ದರು. ಅಷ್ಟಿಲ್ಲದ ಯಂತ್ರಕ್ಕೆ ಒಳಗೆ ಪ್ರವೇಶವೂ ಇಲ್ಲ, ಭೂಪಟದಲ್ಲಿ ಚುಕ್ಕೆಯೂ ಇಲ್ಲ. ಇಲಿ ಇದೆಯೇ ಎಂದು ಮಾತ್ರ ಅದು ತಪಾಸಣೆ ಮಾಡಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಸಿದ್ದಣ್ಣ.

"ಸಾ, ಇದ್ಯಾವ ಕರ್ಮ ಸಾ! ನನ್ ಕಂಪ್ಯೂಟ್ರು ನಾಲಾಯಕ್ಕಂತೆ!"

"ಯಾರು ಹೇಳಿದ್ದು?"

"ಅದೇ ಏಳ್ತೈತೆ. ಅದಿನಾರ್ ಜಿಬಿ ಬೇಕಂತೆ. ಯಾವನ್ ಸಾ ಇದ್ನ ಬರ್ದೋನು? ಅವ್ನ ಮನೆ ಆಳಾಗ!"

ನಾನು ತಲೆ ಎತ್ತಿ ಮನೆಯನ್ನೊಮ್ಮೆ ನೋಡಿಕೊಂಡೆ. ಸದ್ಯಕ್ಕೆ ಸರಿಯಾಗಿಯೇ ಇತ್ತು.

"ಯಾರೋ ಸ್ಟೋರ್‌ಕೀಪರ್ ಅಂತೆ" ಎಂದರು ಸಿದ್ದಣ್ಣ. ನಾನು ಸ್ಟೋರ್ ಕೀಪರ್ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಪಟ್ಟಿ ಬರೆಯುತ್ತಿದ್ದೇನೆಂದೂ ಗೊತ್ತು. ಆದರೂ ನಾನೇ ಅವನೆಂದು ಅವರಿಗೆ ಹೊಳೆಯಲಿಲ್ಲ. ಅಷ್ಟು ಒಳ್ಳೆಯ ಅಭಿಪ್ರಾಯ ಇತ್ತು ನನ್ನ ಮೇಲೆ! "ನೀವು ಬರ್ದಿದ್ನ ಕಿತ್ತಾಕಿ ಇವ್ನ್ದು ಆಕವ್ರೆ ಕಣ್ ಸಾ. ಇಲಿ ಬರ್ಬಾರ್ದಂತೆ! ಇಲಿ ಇಲ್ದಿರೋ ಅಂಗ್ಡಿ ಯಾವ್ ಊರಾಗೈತೆ? ಎಲ್ಲೋ ಎ.ಸಿ. ರೂಮ್ನಾಗೆ ಕುಂತ್ಕಂಡು ಬರ್ದವ್ನೆ ಬಡ್ಡೀಮಗ."

ನಾನು ಅಕ್ಕಿ ಡಬ್ಬದ ಪಕ್ಕ, ಬನಿಯನ್ನಿನಲ್ಲಿ, ಬೆವರುತ್ತ ಕೂತಿದ್ದೆ. "ಅಂಥವನೇ ಇರಬೇಕು" ಎಂದೆ.

"ಓಗ್ಲಿ ಬುಡಿ ಸಾ. ಚುಕ್ಕೆ ಮಾತ್ರ ಬುಡಾಕಿಲ್ಲ ನಾನು. ಊರ್ಗೆಲ್ಲ ತೋರ್ಸಿವ್ನಿ, ಈಗ ಇಲ್ಲ ಅಂದ್ರೆ ಮುಖ ಎಲ್ಲಿಟ್ಕಳಾನ? ಒಸಾ ಕಂಪ್ಯೂಟ್ರೇ ತತ್ತೀನಿ. ದೊಡ್ ಮಿಷಿನ್ನು ಮಾರ್ತಾ ಇವ್ನಿ."

"ಯಾವ ಮಿಷಿನ್ನು?"

"ತಂತಿ ಸುತ್ತೋದು ಸಾ. ದಂಡಿಗನಹಳ್ಳಿ ಕುಮಾರ ಶನಿವಾರ ಬಂದು ತಕ್ಕೊಂಡೋಯ್ತಾನೆ."

ನನ್ನ ಕೈಯಿಂದ ಫೋನು ಜಾರಿತು. ಸಿದ್ದಣ್ಣನ ಅಂಗಡಿಯಲ್ಲಿ ಇರುವುದೇ ಎರಡು ಮಿಷಿನ್ನು. ಪಂಪ್‌ಸೆಟ್ ಮೋಟಾರಿನ ದಪ್ಪ ತಂತಿ ಸುತ್ತುವುದು ದೊಡ್ಡದರಲ್ಲಿ ಮಾತ್ರ. ಅದು ಹೋದರೆ ಮಿಕ್ಸಿ, ಫ್ಯಾನು ಸುತ್ತಿಕೊಂಡು ಕೂರಬೇಕು. ಮೂವತ್ತು ವರ್ಷದ ಕಸುಬು ನನ್ನ ಒಂದು ಇಂಡೆಂಟಿಗೆ ಬಲಿ!

ಫೋನು ಎತ್ತಿಕೊಳ್ಳುವಷ್ಟರಲ್ಲಿ ಆ ಕಡೆ ಕಟ್ಟಾಗಿತ್ತು. ಮರಳಿ ಮಾಡಿ ನಿಜ ಹೇಳಬಹುದಿತ್ತು. ಸಭ್ಯರು ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ನಾನು ಮೊದಲು ಬೇರೆ ಮಾರ್ಗಗಳನ್ನು ಪರಿಶೀಲಿಸಲು ನಿರ್ಧರಿಸಿದೆ.

ಮೊದಲನೆಯದಾಗಿ ಇನೆಸ್‌ಗೆ ಪತ್ರ ಬರೆದೆ: "ಮಂಜೂರಾದ ಪ್ರಮಾಣಗಳನ್ನು ದಯವಿಟ್ಟು ಕಡಿಮೆ ಮಾಡಲು ಕೋರಿಕೆ." ಅವಳು ಕೂಡಲೇ ಉತ್ತರಿಸಿದಳು: "ಖಂಡಿತ. ಆದರೆ ಯಾಕೆ? ಅಳತೆಯಲ್ಲಿ ಏನು ತಪ್ಪಾಗಿತ್ತು?" ಸರಳವಾದ ಪ್ರಶ್ನೆ. ಉತ್ತರವನ್ನು ನಾಳೆಗೆ ಮುಂದೂಡಿದೆ. ಅಳತೆಯಲ್ಲಿ ಏನೂ ತಪ್ಪಿರಲಿಲ್ಲವಲ್ಲ!

ಅಷ್ಟರಲ್ಲಿ ಮೇಷ್ಟ್ರೂ ಫೋನು ಮಾಡಿದರು. ಅವರು ಬೈಯುವುದಿಲ್ಲ. "ಆ ಪುಟ ಬರೆದ ಮಹಾನುಭಾವರು ಯಾರೋ ತಿಳಿಯದು. ಅವರಿಗೆ ತಾಳಜ್ಞಾನ ಇಲ್ಲ" ಎಂದರು ಅಷ್ಟೆ. ಸಿದ್ದಣ್ಣನ ಬೈಗುಳವೇ ವಾಸಿ ಎನ್ನಿಸಿತು.

ಶನಿವಾರ ಬೆಳಿಗ್ಗೆ ಎರಡನೆಯ ಮಾರ್ಗ ಹೊಳೆಯಿತು. ಸಿದ್ದಣ್ಣನ ಯಂತ್ರಕ್ಕೂ ನನ್ನ ಯಂತ್ರಕ್ಕೂ ಮೊದಲು ಮೆಮೊರಿ ಹೆಚ್ಚಿಸಿ, ಉಳಿದದ್ದನ್ನು ಆಮೇಲೆ ನೋಡಿಕೊಂಡರೆ? ನನ್ನ ಕಂಪ್ಯೂಟರು ಬಿಚ್ಚಿ, ಮೆಮೊರಿ ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹಾಸನದ ಬಸ್ಸು ಹತ್ತಿದೆ. ಅದೇ ಥರದ್ದು ಇನ್ನೂ ಆರು ಬೇಕು ಎಂದು ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಒಳಗಿದ್ದವರನ್ನೂ ಕರೆದು ತೋರಿಸಿದ.

"ಸಾರ್, ಇದು ಈಗ ಬರಲ್ಲ. ಜೋಪಾನವಾಗಿಟ್ಕೊಳ್ಳಿ, ಹಳೇಬೀಡಿನವರು ಕೇಳಿದ್ರೆ ಕೊಡಬಹುದು."

"ಹದಿನಾರು ಮಾಡೋಕೆ ಆಗೋದೇ ಇಲ್ವಾ?"

"ನಿಮ್ಮ ಬೋರ್ಡಿಗೆ ಎಂಟಕ್ಕಿಂತ ಮೇಲೆ ಹಿಡಿಯಲ್ಲ ಸಾರ್. ಹದಿನಾರು ಯಾತಕ್ಕೆ? ಯಾರು ಹೇಳಿದ್ದು ನಿಮಗೆ ಹದಿನಾರು ಬೇಕು ಅಂತ?"

ಆ ದಿನಗಳಲ್ಲಿ ಎಲ್ಲರೂ ಅವನ ಬಗ್ಗೆಯೇ ವಿಚಾರಿಸುತ್ತಿದ್ದರು.

ಗಡಿಯಾರ ನೋಡಿದೆ. ಹತ್ತೂವರೆ. ದಂಡಿಗನಹಳ್ಳಿಯ ಕುಮಾರ ಹೊರಟಿರಬಹುದು. ಸಿದ್ದಣ್ಣನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಎದುರಿಗೆ ಹೊಳೆನರಸೀಪುರದ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದೆ. ಇಡೀ ದಾರಿ ಸಿದ್ದಣ್ಣನಿಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದೆ. "ಸಿದ್ದಣ್ಣ, ಒಂದು ಸಣ್ಣ ವ್ಯತ್ಯಾಸವಾಗಿದೆ" ಎಂದು ಶುರುಮಾಡುವುದು. ಆಮೇಲೆ ಇಂಡೆಂಟಿನ ಇತಿಹಾಸ. ಆಮೇಲೆ ಸೋಲ್ಡರಿಂಗ್ ಐರನ್. ಮನೆಯ ಗ್ಯಾಸ್ ಆಫ್ ಆಗಿದೆಯೇ ಎಂಬ ಯೋಚನೆ ಕೂಡ ಬರಲಿಲ್ಲ. ಪರಿಸ್ಥಿತಿ ಎಷ್ಟು ಗಂಭೀರವಾಗಿತ್ತು ಎಂಬುದನ್ನು ಇದರಿಂದ ಊಹಿಸಬಹುದು.

ಅಂಗಡಿ ಮುಂದೆ ಲಗೇಜ್ ಆಟೋ ನಿಂತಿತ್ತು. ದೊಡ್ಡ ಮಿಷಿನ್ನು ಆಗಲೇ ಅದರ ಮೇಲೇರಿ ಕೂತಿತ್ತು. ಕುಮಾರ ಹಗ್ಗ ಬಿಗಿಯುತ್ತಿದ್ದ. ಸಿದ್ದಣ್ಣ ಮಿಷಿನ್ನಿನ ಹಿಡಿಯನ್ನು ಒಂದು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಅದನ್ನು ನೋಡಿದ ಕೂಡಲೇ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು.

"ಇಳಿಸಿ! ಇಳಿಸಿ ಅದನ್ನ! ಆ ಸ್ಟೋರ್‌ಕೀಪರ್ ನಾನೇ!"

ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನೀವಾ ಸಾ?" ಸಿದ್ದಣ್ಣನ ಕೈಯ ಬಟ್ಟೆ ಹಾಗೇ ನಿಂತಿತು. "ಎ.ಸಿ. ರೂಮ್ನಾಗೆ..."

"ಅಡುಗೆಮನೇಲಿ ಕೂತು ಬರೆದೆ."

"ಮತ್ತೆ ಅದಿನಾರು ಯಾಕೆ ಬರುದ್ರಿ?"

"ನೀವು ಎಂಟು ಅಂದ್ರಿ. ಮೇಲಿನವರು ಅರ್ಧ ಮಾಡ್ತಾರೆ ಅಂತ ಹದಿನಾರು ಬರೆದೆ."

ಸಿದ್ದಣ್ಣ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ನನ್ಗೆ ಬೇಕಾಗಿದ್ದು ನಾಕೇ ಕಣ್ ಸಾ."

"ಮತ್ತೆ ಎಂಟು ಅಂದ್ರಲ್ಲ!"

"ನೀವು ಅರ್ಧ ಮಾಡ್ಕತೀರ ಅಂತ ಅಂದೆ! ಮೋಟ್ರು ತಂದೋರ್ಗೆ ಎರಡ್ ಕೆಜಿ ತಂತಿ ಅಂದ್ರೆ ಒಂದಕ್ಕೆ ಬತ್ತಾರೆ. ಬಾಯಿಗೆ ಅದೇ ರೂಢಿ ಆಗ್ಬುಟ್ಟೈತೆ ಸಾ."

ನನಗೆ ಅನುಮಾನ ಬಂತು. ಅಲ್ಲೇ ನಿಂತು ಮೇಷ್ಟ್ರಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟೆ. ವಿಷಯ ಕೇಳಿ ಅವರು ತೊಡೆಯ ಮೇಲೆ ಒಂದು ಆವರ್ತ ತಾಳ ಹಾಕಿದ್ದು ಕೇಳಿಸಿತು.

"ಶಿವಲಿಂಗಪ್ಪನವರೇ, ಶಿಷ್ಯರಿಗೆ ದಿನಾ ನಾಲ್ಕು ಗಂಟೆ ಸಾಧನೆ ಮಾಡಿ ಅಂತ ಹೇಳ್ತೀನಿ. ಎರಡು ಗಂಟೆ ಮಾಡ್ತಾರೆ. ನನಗೆ ಬೇಕಾದ್ದೂ ಎರಡೇ. ಆ ಲೆಕ್ಕದಲ್ಲೇ ನಿಮಗೆ ಒಂದು ಟಿಬಿ ಅಂದೆ. ನೀವು ಐನೂರು ಅಂತ ತಿಳ್ಕೋತೀರಿ ಅಂದ್ಕೊಂಡೆ."

"ನಾನು ಎರಡು ಅಂತ ಬರೆದೆ, ಮೇಷ್ಟ್ರೇ."

"ಹಾಗಾದ್ರೆ ತಾಳಜ್ಞಾನ ಇಲ್ಲದವರು..."

"ನಾನೇ."

ಮೊದಲು ನಕ್ಕವರು ಸಿದ್ದಣ್ಣ. ಆಮೇಲೆ ಫೋನಿನೊಳಗೆ ಮೇಷ್ಟ್ರು. ನಾನೂ ನಗಬಹುದೇ ಎಂದು ಸಿದ್ದಣ್ಣನ ಮುಖ ನೋಡಿ, ಅನುಮತಿ ಸಿಕ್ಕಿದಂತೆ ಕಂಡದ್ದರಿಂದ, ನಕ್ಕೆ. ನಗದಿದ್ದವನು ಕುಮಾರ ಒಬ್ಬನೇ. ಹಗ್ಗ ಕೈಯಲ್ಲಿ ಹಿಡಿದುಕೊಂಡು ಗಂಭೀರವಾಗಿ ಯೋಚಿಸುತ್ತಿದ್ದ.

"ಸಿದ್ದಣ್ಣ, ಅಂಗಾದ್ರೆ ಈ ಮಿಷಿನ್ಗೆ ನನ್ಗೆ ಏಳಿದ್ಯಲ್ಲ ರೇಟು, ಅದೂ ಡಬ್ಲಾ?"

"ನೀನ್ಯಾಕ್ಲಾ ಚೌಕಾಸಿ ಮಾಡ್ನಿಲ್ಲ?"

"ಪಾಪ ಕಷ್ಟದಾಗವ್ನೆ ಅಂತ ಸುಮ್ಗಿದ್ದೆ ಕಣಣ್ಣ!"

ಇದ್ದ ಹಾಗೆಯೇ ಒಪ್ಪುವವರು ದಂಡಿಗನಹಳ್ಳಿಯಲ್ಲೂ ಇದ್ದಾರೆ! ಮಿಷಿನ್ನು ಕೆಳಗಿಳಿಸಲು ನಾಲ್ವರು ಬೇಕಾದರು. ನಾನೂ ಕೈ ಹಾಕಿದೆ. ಸೊಂಟ ಹಿಡಿದುಕೊಂಡಿತು. ಇದನ್ನು ಶಿಕ್ಷೆಯಲ್ಲಿ ಸೇರಿಸಿಕೊಳ್ಳಬೇಕೆಂದು ಮನಸ್ಸಿನಲ್ಲೇ ಕೋರಿಕೊಂಡೆ.

ಅಲ್ಲೇ, ಆ ಅಂಗಡಿಯಲ್ಲೇ ಸ್ಟೂಲಿನ ಮೇಲೆ ಕೂತು ಇನೆಸ್‌ಗೆ ಪತ್ರ ಬರೆಯತೊಡಗಿದೆ. ನಿಜವಾದ ಅಳತೆಗಳು ಬೇಕಾಗಿದ್ದವು. ಗಿರಿಜಾಗೆ ಫೋನು ಮಾಡಿ, ಅಕ್ಕಿ ಡಬ್ಬದ ಮೇಲಿನ ಚೀಟಿಯ ಫೋಟೋ ಕಳಿಸೆಂದೆ. ಕಳಿಸಿದಳು. ಜೊತೆಗೆ ಒಂದು ಸಾಲು: "ಇದು ಸಾಕಾ, ಇಲ್ಲ ಡಬ್ಬಾನೂ ಎರಡು ಬೇಕಾ?"

ಪತ್ರ ಹೀಗಿತ್ತು: "ಮಾನ್ಯರೇ, ನಮ್ಮ ಕಡೆ ಕೇಳುವವರು ದುಪ್ಪಟ್ಟು ಕೇಳುವುದೂ, ಕೊಡುವವರು ಅರ್ಧ ಕೊಡುವುದೂ ವಾಡಿಕೆ. ನಾನು ನನ್ನ ಕೆಲಸ ಮಾಡಿದೆ. ತಾವು ತಮ್ಮ ಕೆಲಸ ಮಾಡಲಿಲ್ಲ. ಮೇಲಾಗಿ ನನಗೆ ಬಂದ ಅಂಕಿಗಳೇ ಆಗಲೇ ದುಪ್ಪಟ್ಟಾಗಿದ್ದವೆಂದು ಈಗ ತಿಳಿದುಬಂದಿದೆ. ವಾಸ್ತವ ಅಳತೆಯ ಚೀಟಿಯನ್ನು ಇದರೊಂದಿಗೆ ಲಗತ್ತಿಸಿದೆ. ಚೀಟಿಯ ಮೇಲಿರುವುದು ಸಾರಿನ ಕಲೆ."

ಈ ಪತ್ರ ಗುಂಪಿನ ಎಲ್ಲರಿಗೂ ಕಾಣುವ ಜಾಗದಲ್ಲೇ ಬರೆಯಬೇಕಾಗಿತ್ತು. ಗೊತ್ತಿಲ್ಲದ ದೇಶಗಳ ಜನ ಅದರ ಕೆಳಗೆ ನಗುವ ಮುಖಗಳನ್ನು ಅಂಟಿಸಿದರು. ಸಂಜೆಯೊಳಗೆ ಇನೆಸ್ ಅಂಕಿಗಳನ್ನು ತಿದ್ದಿದಳು. ಒಂದೇ ಒಂದು ಪ್ರಶ್ನೆ ಕೇಳಿದಳು: "ಇಲಿಗಳನ್ನೂ ಭಾಗಿಸಬೇಕೇ?" ಇಲಿಯ ವಿಷಯ ಮಾತ್ರ ಅಕ್ಷರಶಃ ನಿಜ ಎಂದು ಬರೆದೆ. ಆ ಸಾಲು ಈಗಲೂ ಹಾಗೇ ಇದೆ. ಮಾಹಿತಿ ತಂತ್ರಜ್ಞಾನಕ್ಕೆ ನನ್ನ ಕೊಡುಗೆ ಅದೊಂದೇ.

ಮೂರು ದಿನದಲ್ಲಿ ಮೂರು ಚುಕ್ಕೆಗಳೂ ಮರಳಿ ಹಸಿರಾದವು. ಸಿದ್ದಣ್ಣ ಪಟವನ್ನು ಒರೆಸಿ ಮತ್ತೆ ನೇತುಹಾಕಿದರು. ಈಗ ಮೋಟಾರು ತಂದವರಿಗೆ ಮೊದಲು ಚುಕ್ಕೆ ತೋರಿಸಿ, ಆಮೇಲೆ ನನ್ನ ಕಥೆ ಹೇಳುತ್ತಾರಂತೆ. ಕಥೆ ಮುಗಿಯುವ ಹೊತ್ತಿಗೆ ಜನ ಚುಕ್ಕೆಯನ್ನು ಮರೆತಿರುತ್ತಾರಂತೆ.

ನಾನು ಪಾಠ ಕಲಿತೆ. ಹೋದ ತಿಂಗಳು ಇನೆಸ್ ಮತ್ತೆ ಕೇಳಿದಳು: ಇಂಟರ್‌ನೆಟ್ಟಿನ ವೇಗ ಕನಿಷ್ಠ ಎಷ್ಟಿರಬೇಕು? ಮೂರು ಊರಿನಲ್ಲೂ ಅಳೆಸಿದೆ. ಇಬ್ಬರಿಂದಲೂ ಬುದ್ಧನ ಮೇಲೆ, ಶಾರದೆಯ ಮೇಲೆ ಆಣೆ ಮಾಡಿಸಿ ನಿಜವಾದ ಅಂಕಿ ಪಡೆದೆ. ಹತ್ತು ಎಂಬಿಪಿಎಸ್ ಸಾಕು. ಹತ್ತು ಎಂದೇ ಬರೆದೆ. ಅಷ್ಟು ಹಗುರವಾದ ಮನಸ್ಸಿನಿಂದ ನಾನು ಯಾವ ಅಂಕಿಯನ್ನೂ ಬರೆದದ್ದಿಲ್ಲ.

ಮಾರನೆಯ ದಿನ ಪುಟ ನೋಡಿದರೆ ಐದು ಎಂದಿತ್ತು. ಪಕ್ಕದಲ್ಲಿ ಇನೆಸಳ ಟಿಪ್ಪಣಿ: "ಈ ಬಾರಿ ನಮ್ಮ ಕೆಲಸ ನಾವು ಮಾಡಿದ್ದೇವೆ."

ಐದರಲ್ಲಿ ಯಾವ ನೋಡ್ ಆದರೂ ತೆವಳುತ್ತದೆ. ವಿವರಿಸಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಮರುಪರಿಶೀಲನೆಯ ನಂತರ ಇಪ್ಪತ್ತು" ಎಂದು ಬರೆದೆ. ಅವಳು ಹತ್ತು ಮಾಡಿದಳು. ಈಗ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ.

ಹೊರಗಿನ ಲೋಕ ಹೇಗಾದರೂ ಇರಲಿ, ಮನೆಯಲ್ಲಾದರೂ ಇನ್ನು ಮೇಲೆ ನಿಜವನ್ನೇ ಹೇಳಬೇಕೆಂದು ಅಂದೇ ನಿಶ್ಚಯಿಸಿದೆ. ಬೆಳಿಗ್ಗೆ ಗಿರಿಜಾ ಕೇಳಿದಳು, "ಎಷ್ಟು ಇಡ್ಲಿ?"

"ಮೂರು" ಎಂದೆ, ಸ್ಪಷ್ಟವಾಗಿ, ಅವಳ ಮುಖವನ್ನೇ ನೋಡುತ್ತ.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಹೊಟ್ಟೆ ಸರಿ ಇಲ್ವೇನೋ ಪಾಪ" ಎಂದು ಒಳಗೆ ಹೋದಳು.

ತಟ್ಟೆ ಬಂತು. ಅದರಲ್ಲಿ ಒಂದೂವರೆ ಇಡ್ಲಿ ಇತ್ತು.